ಹರಿಣಿ ಮಾಮಿಯ ಮೂಲಂಗಿ

ದೊಡ್ಡ ರಜೆ ಶುರುವಾದರೆ ಫರಂಗಿಪೇಟೆಯ ಅಜ್ಜಿ ಮನೆ ಎಂದಿದ್ದ ಕಾಲ ಅದು. ನನಗೆ ಹನ್ನೊಂದು ವರ್ಷ, ಕಂಡದ್ದನ್ನೆಲ್ಲ ಬರೆದಿಡುವ ಹುಚ್ಚು. ಕುಂಟೆಬಿಲ್ಲೆಯಲ್ಲಿ ಗೆದ್ದದ್ದೆಷ್ಟು, ಬೆಕ್ಕು ಕದ್ದ ಮೀನೆಷ್ಟು, ಎಲ್ಲಕ್ಕೂ ಒಂದೊಂದು ಪುಟ. ನಿಮ್ಮಲ್ಲೂ ಕೆಲವರು ಹೀಗೆ ಬರೆದಿಟ್ಟಿರಬಹುದು. "ಪುಸ್ತಕದಲ್ಲಿ ಉಂಟಾ ನೋಡು" ಎಂದು ಅಜ್ಜಿ ಕೇಳುವಾಗ ನನಗೆ ಕೋಡು ಮೂಡುತ್ತಿತ್ತು.

ಆ ಸಲ ಮಾವನ ಹೆಂಡತಿ ಹರಿಣಿ ಮಾಮಿ ದುಬೈಯಿಂದ ಹತ್ತು ದಿನದ ಮಟ್ಟಿಗೆ ಬಂದಿದ್ದರು. ಮಾವನ ಹೋದ ಕೆಲಸ ಮತ್ತೆ ಸಿಕ್ಕಿದರೆ ಸೊಸೆಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಬರುತ್ತೇನೆಂದು ಅಜ್ಜಿ ಹರಕೆ ಹೇಳಿದ್ದರು. ಕೆಲಸ ಸಿಕ್ಕಿತ್ತು. ಸೋಮವಾರ ಧರ್ಮಸ್ಥಳ, ಮಂಗಳವಾರ ಮಾಮಿಗೆ ವಿಮಾನ. ಹೊರಡುವ ಮುನ್ನಾದಿನದಿಂದಲೇ ಆ ಮನೆಯಲ್ಲಿ ಮೀನು ಮುಟ್ಟುವಂತಿರಲಿಲ್ಲ.

ಭಾನುವಾರ ಮನೆಯಲ್ಲಿದ್ದದ್ದು ನಾವು ಮೂವರೇ. "ಇವತ್ತು ನಾನು ಅಡಿಗೆ ಮಾಡ್ತೇನೆ ಅತ್ತೆ. ಆಫೀಸಿನ ಕೊರಿಯಾದ ಗೆಳತಿ ಕಲಿಸಿದ್ದು. ಬರೀ ಮೂಲಂಗಿ" ಎಂದರು ಮಾಮಿ.

ಅಜ್ಜಿ ನನ್ನನ್ನು ಜಗಲಿಗೆ ಕರೆದರು. "ಅವಳ ಪೆಟ್ಟಿಗೆಯಲ್ಲಿ ಎಂತೆಂತದೋ ಉಂಟು ಮಗಾ. ಬಾಗಿಲ ಹತ್ರ ನಿಂತು, ಎಂತ ಹಾಕ್ತಾಳೆ ನೋಡಿ ಬರಿ. ಕೇಳ್ಲಿಕ್ಕೆ ಹೋಗ್ಬೇಡ."

ನಿಂತೆ. ಮಾಮಿ ಮೂಲಂಗಿಯ ಸಿಪ್ಪೆ ದಪ್ಪಕ್ಕೆ ತೆಗೆದು, ಹೆಬ್ಬೆರಳ ಗಾತ್ರದ ಬಿಲ್ಲೆಗಳಾಗಿ ಕೊಯ್ದರು. ಹನ್ನೊಂದು ಬಿಲ್ಲೆ. ಅಕ್ಕಿ ತೊಳೆದ ಅಕ್ಕಚ್ಚಿನಲ್ಲಿ ಅವನ್ನು ಬೇಯಲಿಟ್ಟಾಗ ಅಜ್ಜಿಗೆ ತಡೆಯಲಾಗಲಿಲ್ಲ.

"ದನಕ್ಕೆ ಕೊಡುವ ನೀರಲ್ಲಾ?"

"ಕಹಿ ಹೋಗ್ತದೆ ಅತ್ತೆ."

"ಹೋಗ್ಲಿ. ದನ ಬಂದು ಪಾಲು ಕೇಳದಿದ್ರೆ ಸಾಕು."

ಮತ್ತೊಂದು ಪಾತ್ರೆಗೆ ಬೆಲ್ಲದ ಚೂರು ಬಿತ್ತು, ಶುಂಠಿ ಬಿತ್ತು, ಕಪ್ಪು ಬಾಟಲಿಯಿಂದ ಸೋಯಾ ಸಾಸ್ ಬಿತ್ತು. ಕೊನೆಗೆ ನಮಗ್ಯಾರಿಗೂ ಓದಲು ಬಾರದ ಅಕ್ಷರಗಳ ಪ್ಯಾಕೆಟಿನಿಂದ ಬೆಲ್ಟಿನಂಥ ಕಪ್ಪು ಪಟ್ಟಿಯೊಂದು ಹೊರಬಂತು. ಅದರ ಮೈಮೇಲೆ ಬಿಳಿ ಉಪ್ಪಿನ ಪುಡಿ. ಬಿಸಿನೀರಿಗೆ ಬಿದ್ದದ್ದೇ ತಡ, ಮಳೆಗಾಲದಲ್ಲಿ ಒಣಮೀನಿನ ಡಬ್ಬಿ ತೆರೆದಾಗ ಬರುವಂಥ ವಾಸನೆ ಬಾಗಿಲವರೆಗೂ ಬಂತು.

"ಪೊಲೀಸಿನ ಹಾಗೆ ಅಲ್ಲಿ ಎಂತ ನಿಂತದ್ದು ಮಾರಾಯ್ತಿ? ಬಾ, ಉಪ್ಪು ನೋಡು" ಎಂದು ಮಾಮಿ ಕರೆದರು. ನಾನು ಹೋಗಲಿಲ್ಲ. ಪುಸ್ತಕದಲ್ಲಿ ಬರೆದೆ: "ಒಣಮೀನಿನ ಚರ್ಮ, ಒಂದು ತುಂಡು."

ಊಟಕ್ಕೆ ಕೂತಾಗ ಅಜ್ಜಿ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ನೋಡಿದರು, ಮೂಸಿದರು, ಕೊನೆಗೆ ಬಾಯಿಗಿಟ್ಟರು. "ಕರಗ್ತದಲ್ಲ ಇದು!" ಎಂದು ಇನ್ನೊಂದು ಹಾಕಿಸಿಕೊಂಡರು. ಬಡಿಸುತ್ತಿದ್ದ ಮಾಮಿಯ ಮುಖ ಅರಳಿತು. ನಾನು ತಿನ್ನಲಿಲ್ಲ, ಅಜ್ಜಿ ಓದೆನ್ನುವುದನ್ನೇ ಕಾಯುತ್ತಿದ್ದೆ. ಕೈ ತೊಳೆದು ಬಂದ ಅಜ್ಜಿ, "ಈಗ ಓದು" ಎಂದರು. ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದೆ.

ಅಜ್ಜಿ ಓಡಿಹೋಗಿ ಬಾಯಿ ಮುಕ್ಕಳಿಸಿ ಬಂದರು. "ನಾಳೆ ಈ ಬಾಯಲ್ಲಿ ದೇವರ ಹೆಸರು ಹೇಗೆ ಹೇಳುವುದು?"

"ಅದು ಸೊಪ್ಪು ಅತ್ತೆ, ಕಡಲಿನ ಸೊಪ್ಪು. ದೇವರಾಣೆ."

"ಕಡಲಲ್ಲಿ ಎಂತ ಹರಿವೆ ಬೆಳೀತದಾ? ಪುಸ್ತಕದಲ್ಲಿ ಬರೆದುಂಟಲ್ಲ."

ಮಾಮಿ ನನ್ನ ಕಡೆ ತಿರುಗಿದರು. "ನೀನು ಮೀನು ನೋಡಿದ್ದಾ?"

ನಾನು ಅವರ ಮುಖ ನೋಡಲಿಲ್ಲ. ಪುಸ್ತಕ ನೋಡಿ, "ಬರೆದುಂಟು" ಎಂದೆ.

ಮಾಮಿ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಬಾಳೆಯ ಬುಡಕ್ಕೆ ಸುರಿದರು. ಸೋಮವಾರ ಯಾರೂ ಹೊರಡಲಿಲ್ಲ. ಮಂಗಳವಾರ ಮಾಮಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಆಟೋ ಹತ್ತಿದರು. ನನಗೆ ಟಾಟಾ ಮಾಡಲಿಲ್ಲ.

ಬುಧವಾರ ಅಡಿಗೆಮನೆಯ ಕಪಾಟಿನಲ್ಲಿ ಆ ಪ್ಯಾಕೆಟ್ ಸಿಕ್ಕಿತು. ಉಳಿದಿದ್ದ ಒಂದು ತುಂಡನ್ನು ನೀರಿಗೆ ಹಾಕಿದೆ. ಅದು ನಿಧಾನಕ್ಕೆ ಬಿಚ್ಚಿಕೊಂಡು, ನನ್ನ ಅಂಗೈಗಿಂತ ಅಗಲದ ಹಸಿರು ಎಲೆಯಾಯಿತು. ಮುಳ್ಳಿಲ್ಲ, ಹುರುಪೆಯಿಲ್ಲ. ಅಜ್ಜಿಗೆ ತೋರಿಸಿದೆ. ಅವರು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅವಳು ಹೇಳಿದ್ದಳಲ್ಲ" ಎಂದರು. ಆಮೇಲೆ, "ನೀನು ಮೀನು ಅಂತ ಬರೆದಿದ್ದೆಯಲ್ಲ ಮಗಾ."

ಅಜ್ಜಿ ಮುಂದೆ ಒಬ್ಬರೇ ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರು. ಯಾವ ತಪ್ಪಿಗೆಂದು ಮಾಮಿಗೆ ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಈಗ ಅಜ್ಜಿ ಇಲ್ಲ. ಮಾಮಿ ರಜೆಗೆ ಬಂದರೆ ಬೆಳ್ತಂಗಡಿಯ ತವರಿಗೆ ಹೋಗುತ್ತಾರೆ. ಫರಂಗಿಪೇಟೆಗೆ ಬಂದರೂ ಒಂದು ಲೋಟ ಚಹಾದ ಹೊತ್ತು, ಅಷ್ಟೆ.

ನಾನು ಮೂಡುಬಿದಿರೆಯಲ್ಲಿ ಓದುತ್ತ ರೂಮಿನಲ್ಲೇ ಅಡಿಗೆ ಮಾಡಿಕೊಳ್ಳುತ್ತೇನೆ. ಈಚೆಗೆ ಒಂದು ಭಾನುವಾರ ಧೈರ್ಯ ಮಾಡಿ ಮಾಮಿಗೆ ಫೋನ್ ಮಾಡಿದೆ. "ಮೂಲಂಗಿಯನ್ನು ಅಕ್ಕಚ್ಚಿನಲ್ಲಿ ಎಷ್ಟು ಹೊತ್ತು ಬೇಯಿಸ್ಬೇಕು ಮಾಮಿ?"

"ಬರೀಲಿಕ್ಕಾ, ತಿನ್ಲಿಕ್ಕಾ?"

"ತಿನ್ಲಿಕ್ಕೆ."

"ಕಡ್ಡಿ ಚುಚ್ಚಿದ್ರೆ ಸಲೀಸಾಗಿ ಹೋಗುವಷ್ಟು" ಎಂದರು.

ಹಾಗೆಯೇ ಬೇಯಿಸಿ ತಿಂದೆ. ನಿಜಕ್ಕೂ ಕರಗುತ್ತದೆ. ಹಳೆಯ ಪುಸ್ತಕ ಇನ್ನೂ ನನ್ನಲ್ಲುಂಟು. ಆ ಭಾನುವಾರದ ಪುಟದಲ್ಲಿ ಹನ್ನೊಂದು ಬಿಲ್ಲೆಗಳ ಲೆಕ್ಕ ಸರಿಯಾಗಿಯೇ ಇದೆ: ಅಜ್ಜಿ ಎರಡು, ಬಾಳೆಯ ಬುಡಕ್ಕೆ ಒಂಬತ್ತು, ನಾನು ಸೊನ್ನೆ. ಮಾಮಿಯ ಹೆಸರನ್ನು ಬರೆದೇ ಇರಲಿಲ್ಲ. ನಮ್ಮ ಊಟ ಮುಗಿಯಲೆಂದು ಅವರು ಸೌಟು ಹಿಡಿದು ನಿಂತೇ ಇದ್ದರು.