ಕೊಂಡಿ ಹಾಕುವ ಹುಸೇನಪೀರ

ಇಳಕಲ್ ಸೀರೆಯ ಸೆರಗನ್ನು ಎಲ್ಲರೂ ಹೊಗಳುತ್ತಾರೆ. ಆ ಸೆರಗು ಸೀರೆಯ ಒಡಲಿಗೆ ಎಲ್ಲಿ ಕೂಡಿದೆ ಎಂದು ಯಾರೂ ತಿರುವಿ ನೋಡುವುದಿಲ್ಲ. ಒಡಲಿನ ಹಾಸು, ಎಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಆ ಎಳೆಗೆ ಈ ಎಳೆಯನ್ನು ಕುಣಿಕೆಯಲ್ಲಿ ಸಿಕ್ಕಿಸಿ, ಬೆರಳಲ್ಲಿ ಹೊಸೆದು ಒಂದೊಂದಾಗಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸಾವಿರಾರು ಎಳೆ, ಬುದ್ಧಿ ಇದ್ದವರಿಗೆ ಬೇಸರ ಬರುವ ಕೆಲಸ. ನಮ್ಮ ಓಣಿಯಲ್ಲಿ ಅದನ್ನು ಬೇಸರವಿಲ್ಲದೆ ಮಾಡುತ್ತಿದ್ದವನು ಹುಸೇನಪೀರ ಒಬ್ಬನೇ. ಅವನಿಗೆ ಬುದ್ಧಿ ಇಲ್ಲ ಎಂದು ಊರೆಲ್ಲ ಸೇರಿ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು.

ಆರು ವರ್ಷದವರೆಗೆ ಅವನ ಬಾಯಿಂದ ಮಾತು ಹೊರಡಲಿಲ್ಲ. ಸಾಲೆಗೆ ಕಳಿಸಿದರೆ ಮಾಸ್ತರರು ಎರಡನೆಯ ದಿನವೇ ಕೈಹಿಡಿದು ಮನೆಗೆ ತಂದುಬಿಟ್ಟರು. ತಾಯಿ ಮಲಿಕಾಬಿ ಸಕ್ರವ್ವನ ಮಗ್ಗದ ಮನೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಂಡರೂ ಮಗನನ್ನು ಅಲ್ಲೇ ಪಕ್ಕದಲ್ಲಿ ಕೂರಿಸಿಕೊಂಡಳು. ಒಂದು ದಿನ ಸಕ್ರವ್ವ ಊಟ ಮುಗಿಸಿ ಬಂದು ನೋಡಿದರೆ ಹುಡುಗ ಸೆರಗಿಗೆ ಒಂದು ಗೇಣಿನಷ್ಟು ಕೊಂಡಿ ಹಾಕಿ ಕುಳಿತಿದ್ದ. ಬೈಯಲು ಬಾಯಿ ತೆರೆದವಳು ಎಳೆ ಜಗ್ಗಿ ನೋಡಿ ಬಾಯಿ ಮುಚ್ಚಿದಳು. ಅಲ್ಲಿಂದ ಮೂವತ್ತು ವರ್ಷ ಅವನು ಆ ಮನೆಯ ಕೊಂಡಿಯವನಾದ.

ಅವನಿಗೆ ಬಾರದ ಒಂದೇ ವಿದ್ಯೆ ಎಂದರೆ ಮರ್ಯಾದೆಯ ಮಾತು. ಸಣ್ಣವರಿರಲಿ ದೊಡ್ಡವರಿರಲಿ, ಎಲ್ಲರಿಗೂ ನೀ, ಬಾ, ಹೋಗು. ಅಂಗವಿಕಲರ ಸರ್ಟಿಫಿಕೇಟಿಗೆಂದು ಹೋದಾಗ ಡಾಕ್ಟರಿಗೇ "ಬಾ, ಕುಂದ್ರು, ಚಾ ಕುಡಿ" ಎಂದಿದ್ದ. ಡಾಕ್ಟರು ನಕ್ಕು ಅವನ ಪಕ್ಕ ಕುಳಿತರಂತೆ. ಮಲಿಕಾಬಿ ಈ ಕತೆಯನ್ನು ಸಾಯುವವರೆಗೂ ಹೇಳುತ್ತಿದ್ದಳು.

ಸಾಯುವಾಗ ಮಾತ್ರ ಬೇರೆ ಹೇಳಿದಳು. ಹುನಗುಂದಕ್ಕೆ ಮದುವೆಯಾಗಿ ಹೋಗಿದ್ದ ಮಗಳು ನಿಖತಳನ್ನು ಹತ್ತಿರ ಕರೆದು, "ಅವನ ಕೈ ಖಾಲಿ ಬಿಡಬ್ಯಾಡವಾ. ಎರಡ ಎಳಿ ಕೊಡು, ಸಾಕು. ಕೈ ಖಾಲಿ ಆದ್ರ ಅಂವ ಉಳಿಯಾಂಗಿಲ್ಲ" ಎಂದಳು. ನಿಖತ ಹೂಂ ಎಂದಳು.

ಹೂಂ ಎನ್ನುವುದು ಸುಲಭ. ಅದೇ ವರ್ಷ ಸಕ್ರವ್ವ ಜಾರಿಬಿದ್ದು ಸೊಂಟ ಮುರಿದುಕೊಂಡು ಬಾಗಲಕೋಟೆಯ ಮಗಳ ಮನೆ ಸೇರಿದಳು. ಮಗ್ಗದ ಮನೆಗೆ ಬೀಗ ಬಿತ್ತು. ನಿಖತಳದು ಎರಡು ಕೋಣೆಯ ಸಂಸಾರ, ಅದರಲ್ಲೊಂದು ಹಾಸಿಗೆ ಹಿಡಿದ ಅತ್ತೆಯದು. ಹೀಗಾಗಿ ಹುಸೇನಪೀರನನ್ನು ಅಣ್ಣ ಇರ್ಫಾನ ಅಮೀನಗಡಕ್ಕೆ ಕರೆದೊಯ್ದ. ಅಲ್ಲಿ ಅವನದು ಕರದಂಟಿನ ಅಂಗಡಿ.

ಅಂಗಡಿಯಲ್ಲಿ ಹುಸೇನಪೀರನ ಬೆರಳಿಗೆ ಕೆಲಸವಿಲ್ಲ. ಒಂದು ದಿನ ಮದುವೆ ಬೀಗರು ಕರದಂಟು ಕೊಳ್ಳಲು ಬಂದು ನಿಂತಿದ್ದರು. ಇಬ್ಬರು ಹೆಂಗಸರ ಸೆರಗಿನ ಗೊಂಡೆ ಕಟ್ಟೆಯ ಮೇಲೆ ಇಳಿಬಿದ್ದಿತ್ತು. ಪಕ್ಕದಲ್ಲಿ ಕುಳಿತಿದ್ದ ಇವನು ಸದ್ದಿಲ್ಲದೆ ಆ ಸೆರಗಿನ ಎಳೆಗೆ ಈ ಸೆರಗಿನ ಎಳೆ ಕೂಡಿಸುತ್ತ ಹೋದ. ಬೀಗಿತಿಯರು ಡಬ್ಬಿ ಹಿಡಿದು ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ಹೊರಟರು. ಇಬ್ಬರ ಸೆರಗೂ ಹೆಗಲಿಂದ ಜಾರಿತು, ಕರದಂಟು ರಸ್ತೆಗೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ನಾನೂ ಈ ಸುದ್ದಿ ಕೇಳಿ ನಕ್ಕವನೇ. ಇರ್ಫಾನನಿಗೆ ಮಾತ್ರ ನಗು ಬರಲಿಲ್ಲ. ಗಿರಾಕಿಗಳ ಎದುರಿಗೇ ತಮ್ಮನ ಕೆನ್ನೆಗೆ ಬಾರಿಸಿದ. ಅದರ ಮರುವಾರ ಕುಳಗೇರಿ ಕ್ರಾಸ್ ಹತ್ತಿರದ ಒಂದು ಅಂಗವಿಕಲರ ವಸತಿ ಕೇಂದ್ರಕ್ಕೆ ಸೇರಿಸಿ ಕೈತೊಳೆದುಕೊಂಡ.

"ಭಾಯಿ, ಅಲ್ಲಿ ಅವನ ಕೈಗೆ ಏನ ಕೊಡ್ತಾರ?" ಎಂದು ನಿಖತ ಫೋನಿನಲ್ಲಿ ಕೇಳಿದಳು.

"ಮೂರ ಹೊತ್ತ ಊಟ ಕೊಡ್ತಾರ. ಬಿಳೇ ಟೈಲ್ಸ್ ಅದಾವ, ಕ್ಯಾಮೆರಾ ಅದಾವ. ನಿನ್ನ ಮನಿಗಿಂತ ಛಲೋ ಐತಿ" ಎಂದ ಇರ್ಫಾನ.

ಟೈಲ್ಸ್ ಇದ್ದದ್ದು ಖರೆ. ಅದರ ಮೇಲೆ ಇಪ್ಪತ್ತನಾಲ್ಕು ಗಂಡಸರು, ಎಲ್ಲರದೂ ಬೋಳು ತಲೆ, ಎಲ್ಲರಿಗೂ ಒಂದೇ ಬಣ್ಣದ ಅಂಗಿ; ಒಗೆದು ಬಂದ ಚಡ್ಡಿ ಯಾರ ಕೈಗೆ ಸಿಕ್ಕಿತೋ ಅವರದು. ಹಾಸಿಗೆ ಒದ್ದೆಯಾಗಬಾರದೆಂದು ಹೊತ್ತು ಮುಳುಗಿದ ಮೇಲೆ ಯಾರಿಗೂ ನೀರು ಕೊಡುತ್ತಿರಲಿಲ್ಲ. ಯಾರದೋ ಮಗುವಿನ ಹುಟ್ಟುಹಬ್ಬ ಎಂದು ಮಂದಿ ಕೇಕು ತಂದಾಗ ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ಹೊಡೆಯಬೇಕು. ಮೇಲೆ ಥಳಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಅದನ್ನು ನೋಡಬೇಕಾದರೆ ಇಂಥ ಕಡೆ ಹೋಗಬೇಕು. ಆದರೆ ಕೇಕು ತಂದವರು ಫೋಟೋ ತೆಗೆಸಿಕೊಂಡು ಕಣ್ಣೊರೆಸಿಕೊಂಡು ಹೋಗುತ್ತಿದ್ದರು, ಒಳಗಿನ ಕೋಣೆಗೆ ಇಣುಕುತ್ತಿರಲಿಲ್ಲ.

ಮೊದಲ ಭೇಟಿಗೆ ನಿಖತ ಚೀಲದ ತುಂಬ ಉಳಿದ ನೂಲು ಒಯ್ದಳು. ಅವಳು ಬ್ಲೌಸು ಹೊಲಿಯುವವಳು, ಗುರುತಿನವರ ಮಗ್ಗಗಳಿಂದ ಕೂಡಿಹಾಕಿದ್ದಳು. ಕೇಂದ್ರದ ಮೇಲ್ವಿಚಾರಕಿ ರೋಹಿಣಿ ಮೇಡಂ ನಗುನಗುತ್ತ ಚೀಲ ಇಸಿದುಕೊಂಡರು.

"ದಾರ ಇಲ್ಲಿ ನಡಿಯಂಗಿಲ್ರಿ. ಯಾರರೆ ಕುತ್ತಿಗಿಗೆ ಸುತ್ಕೊಂಡ್ರ ನಾಳೆ ನನ್ನ ಕೇಳ್ತಾರ."

"ಅವನಿಗೆ ಅದ ಜೀವಾರಿ, ಮೇಡಂ. ನಿಮ್ಮ ಎದುರಿಗೆ ಒಂದ ತಾಸು ಕೊಡ್ರಿ."

"ಎದುರಿಗೆ ಕುಂದರಾಕ ನಮಗ ಮಂದಿ ಎಲ್ಲಿ ಅದಾರ್ರಿ?"

ಅದೂ ಸುಳ್ಳಲ್ಲ. ಇಪ್ಪತ್ತನಾಲ್ಕು ಜನರಿಗೆ ಇದ್ದ ಆಯಾಗಳು ಇಬ್ಬರು. ಅವರಲ್ಲೊಬ್ಬಳು ಸಿದ್ದವ್ವ. ಮುಂದಿನದನ್ನೆಲ್ಲ ನಿಖತಳಿಗೆ ಹೇಳಿದವಳು ಅವಳೇ, ಆದರೆ ಎಲ್ಲ ಮುಗಿದ ಎಷ್ಟೋ ದಿನದ ಮೇಲೆ, ತಾನು ಕೆಲಸ ಬಿಟ್ಟಾಗ.

ನೂಲು ಸಿಗದ ಹುಸೇನಪೀರ ಚಾದರದ ಅಂಚು ಬಿಚ್ಚಿದ. ತನ್ನ ಚಾದರದ ಎಳೆಗಳನ್ನು ಪಕ್ಕದ ಮಂಚದ ಲಕ್ಷ್ಮಣನ ಚಾದರದ ಎಳೆಗಳಿಗೆ ಕೊಂಡಿ ಹಾಕಿ, ಒಂದು ದೊಡ್ಡ ಕೆಲಸ ಮುಗಿಸಿದವನ ಹಾಗೆ ಮಲಗಿದ. ಲಕ್ಷ್ಮಣನಿಗೆ ಒಂದು ಕಾಲು ಸ್ವಾಧೀನವಿಲ್ಲ. ಬೆಳಿಗ್ಗೆ ಏಳಲು ಹೋಗಿ ಆ ಕೊಂಡಿಗೆ ಕಾಲು ಸಿಕ್ಕು ಬಿದ್ದ. ಗದ್ದ ಒಡೆಯಿತು, ಬಿಳಿ ಟೈಲ್ಸು ಕೆಂಪಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಅವತ್ತೇ ಹುಸೇನಪೀರನ ಎರಡೂ ಮುಂಗೈ ಸೇರಿಸಿ ಬಟ್ಟೆಯ ಪಟ್ಟಿಯಲ್ಲಿ ಕಟ್ಟಿದರು.

ಕಟ್ಟಿದ್ದನ್ನು ಅವನು ಬಿಚ್ಚಿಕೊಂಡ. ಮೂವತ್ತು ವರ್ಷ ಎಳೆಗಳ ಜೊತೆ ಬದುಕಿದ ಬೆರಳಿಗೆ ಯಾವ ಗಂಟು ಲೆಕ್ಕ? ಹಲ್ಲಿನಿಂದ ಹಿಡಿದು, ಬೆರಳ ತುದಿಯಿಂದ ಸಡಿಲಿಸಿ ಬಿಚ್ಚಿಬಿಡುತ್ತಿದ್ದ. ಅದಕ್ಕೆ ರೋಹಿಣಿ ಮೇಡಂ ಒಂದು ನಿಯಮ ಮಾಡಿದರು. ಕೈ ಬಿಚ್ಚಿದ್ದರೆ ಊಟವಿಲ್ಲ. ಕೈ ಕಟ್ಟಿದ್ದರೆ ಸಿದ್ದವ್ವ ಬಂದು ತುತ್ತು ಮಾಡಿ ತಿನ್ನಿಸುತ್ತಾಳೆ. ಬಡಿಯುವುದಿಲ್ಲ, ಬೈಯುವುದಿಲ್ಲ, ಅಷ್ಟೇ ನಿಯಮ. ಬಡಿದಿದ್ದರೆ ಗಾಯವಾದರೂ ಕಾಣುತ್ತಿತ್ತು. ಆ ಮೇಡಂ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

"ನಾ ಏನ ಮಾಡ್ಲಿ ತಂಗಿ? ಮೊದಮೊದಲ ಹಸಕೊಂಡ ಕುಂದರ್ತಿದ್ದ, ಕಟ್ಟಿಸ್ಕೋತಿದ್ದಿಲ್ಲ" ಎಂದಳಂತೆ ಸಿದ್ದವ್ವ. "ಆಮ್ಯಾಲ ಹೊಟ್ಟಿ ಕೇಳ್ಬೇಕಲ್ಲ."

ಭೇಟಿಯ ದಿನ ಪಟ್ಟಿ ಬಿಚ್ಚಿ, ಮುಂಗೈಗೆ ಮುಲಾಮು ಹಚ್ಚಿ ಕರೆತರುತ್ತಿದ್ದರು. "ಅಲರ್ಜಿ ಆಗೇತ್ರಿ" ಎನ್ನುತ್ತಿದ್ದರು ಮೇಡಂ. ನಿಖತ ಡಬ್ಬಿ ತೆರೆದು ಬಿರಿಯಾನಿ ಮುಂದಿಟ್ಟರೆ ಹುಸೇನಪೀರ ಮುಟ್ಟುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದ. ತಾನು ಬಂದದ್ದು ಅವನಿಗೆ ಬೇಡವಾಗಿದೆ, ತನ್ನ ಮೇಲೆ ಮುನಿಸು ಎಂದು ಅವಳು ಬಸ್ಸಿನಲ್ಲಿ ಅಳುತ್ತ ಬರುತ್ತಿದ್ದಳು. ಅವನು ನೋಡುತ್ತಿದ್ದದ್ದು ಸಿದ್ದವ್ವ ಪಟ್ಟಿ ಹಿಡಿದು ಯಾವಾಗ ಬರುತ್ತಾಳೆ ಎಂದು.

ಇರ್ಫಾನ ಮಾತ್ರ ಖುಷಿಯಾಗಿದ್ದ. "ಈಗ ಎಷ್ಟ ಶಾಂತ ಆಗ್ಯಾನ ನೋಡು! ನನಗೂ ರೀ ಹಚ್ಚಿ ಮಾತಾಡ್ತಾನ. ಅಮ್ಮಾಗ ಕಲಿಸಾಕ ಆಗ್ಲಿಲ್ಲ, ಇವರು ಕಲಿಸ್ಯಾರ."

ಎರಡು ವರ್ಷದ ಮೇಲೆ ಸಕ್ರವ್ವ ಕೋಲೂರಿಕೊಂಡು ಇಳಕಲ್ಲಿಗೆ ಮರಳಿದಳು. ಮಗ್ಗದ ಬೀಗ ತೆಗೆಸಿದಳು. ಅವಳಿಗೀಗ ಕಣ್ಣು ಮಂದ, ಕೊಂಡಿಗೆ ಜನ ಸಿಗುವುದಿಲ್ಲ. ನಿಖತಳಿಗೆ ಹೇಳಿ ಕಳಿಸಿದಳು: "ಪೀರ್‍ಯಾನ್ನ ಕರಕೊಂಡ ಬಾ. ಇಲ್ಲೇ ಇರ್ಲಿ, ಇಲ್ಲೇ ಉಣ್ಣಲಿ. ನಾ ಇರೂಮಟ ಅವನ್ನ ಯಾರೂ ಎಲ್ಲಿಗೂ ಕಳಸೂದು ಬ್ಯಾಡ."

ನಿಖತಳ ಕಾಲು ನೆಲದ ಮೇಲಿರಲಿಲ್ಲ. ಇರ್ಫಾನನೊಡನೆ ಜಗಳವಾಡಿ, ಅವನಿಂದಲೇ ಸಹಿ ಹಾಕಿಸಿ, ಹುಸೇನಪೀರನನ್ನು ಕರೆದುಕೊಂಡು ಇಳಕಲ್ಲಿನ ಬಸ್ಸು ಹತ್ತಿದಳು. ಕಳಿಸುವಾಗ ರೋಹಿಣಿ ಮೇಡಂ, "ಭಾಳ ಛಲೋ ಮನಶ್ಯಾ ರೀ, ಏನೂ ತ್ರಾಸ ಕೊಡಂಗಿಲ್ಲ" ಎಂದು ಹೊಗಳಿದರು.

ಅವನು ಬರುತ್ತಾನೆಂದು ಓಣಿಯ ಅರ್ಧ ಜನ ಮಗ್ಗದ ಮನೆಯಲ್ಲಿ ಕೂಡಿದ್ದೆವು. ಹಳೆಯ ಜಾಗದಲ್ಲೇ ಚಾಪೆ ಹಾಸಿತ್ತು. ಸಕ್ರವ್ವ ಒಡಲಿನ ಬಿಳಿ ಎಳೆಗಳನ್ನೂ ಸೆರಗಿನ ಕೆಂಪು ಎಳೆಗಳನ್ನೂ ಬಿಡಿಸಿ ಅವನ ಮುಂದಿಟ್ಟು, "ಹೂಂ, ಹಾಕಪಾ ನಮ್ಮಪ್ಪ" ಎಂದಳು. ಅವನು ಎಳೆಗಳನ್ನು ನೋಡಿದ. ಕೈಗಳನ್ನು ಗಬಕ್ಕನೆ ಹಿಂದಕ್ಕೆ ಎಳೆದುಕೊಂಡ. ಕೆಂಡ ಕಂಡವನ ಹಾಗೆ ಗೋಡೆಗೆ ಒರಗಿದ.

ಹಸಿದಿರಬೇಕು ಎಂದು ಸಕ್ರವ್ವ ರೊಟ್ಟಿ, ಬದನೆಕಾಯಿ ಪಲ್ಲೆ ಬಡಿಸಿ ತಂದಳು. ವಾಸನೆಗೆ ಅವನ ಗಂಟಲು ಮೇಲೆ ಕೆಳಗೆ ಆಡಿತು. ಆದರೆ ಮುಟ್ಟಲಿಲ್ಲ. ಎರಡೂ ಮುಂಗೈ ಜೋಡಿಸಿ ತಂಗಿಯ ಮುಂದೆ ಚಾಚಿದ.

"ಕಟ್ರಿ" ಎಂದ.

ಯಾರಿಗೂ ಅರ್ಥವಾಗಲಿಲ್ಲ. ನಿಖತ ಮಾತ್ರ ಆ ಮುಂಗೈಯ ಕಪ್ಪು ಗೆರೆಗಳನ್ನು ನೋಡಿದಳು, ನೋಡುತ್ತಲೇ ಅಲ್ಲಿ ಕೈ ಕಟ್ಟಿಡುತ್ತಿದ್ದರೆಂದು ತಿಳಿಯಿತು. ಅಣ್ಣನ ಕಾಲ ಹತ್ತಿರ ಕುಸಿದು, "ಬ್ಯಾಡ, ನಾ ನಿಖತ ಅದೇನಿ. ಇಲ್ಲಿ ಯಾರೂ ಕಟ್ಟಂಗಿಲ್ಲ. ನೀ ಉಣ್ಣು" ಎಂದು ತುತ್ತು ಮಾಡಿ ಬಾಯಿಗೆ ಹಿಡಿದಳು. ಅವನು ತುಟಿ ಬಿಗಿದ. ತಟ್ಟೆ ನೋಡಿದ, ಬಾಗಿಲು ನೋಡಿದ, ಜೋಡಿಸಿದ ಕೈ ಇಳಿಸಲಿಲ್ಲ. ಮತ್ತೆ ಮತ್ತೆ "ಕಟ್ರಿ, ಕಟ್ರಿ" ಎಂದು ಅಳತೊಡಗಿದ, ಮಗ್ಗದ ಕಂಬಕ್ಕೆ ತಲೆ ಜಜ್ಜಿಕೊಳ್ಳತೊಡಗಿದ. ಹಿಡಿಯಲು ಹೋದ ನಮ್ಮನ್ನು ಕಂಡು ಇನ್ನೂ ಹೆದರಿದ.

ಅವತ್ತು ಮಧ್ಯಾಹ್ನ ಹೋಯಿತು, ಸಂಜೆಯೂ ಆಯಿತು. ಹಣೆಯಿಂದ ರಕ್ತ ಇಳಿಯಿತು. ಒಂದು ತುತ್ತೂ ಒಳಗೆ ಹೋಗಲಿಲ್ಲ.

ಕೊನೆಗೆ ನಿಖತ ತನ್ನ ದುಪಟ್ಟಾ ತೆಗೆದಳು. ಎರಡು ಸುತ್ತು ಸುತ್ತಿ, ಗಾಳಿಯಾಡುವಷ್ಟು ಸಡಿಲವಾಗಿ ಅವನ ಕೈ ಕಟ್ಟಿದಳು. ಹುಸೇನಪೀರ ಅಳು ನಿಲ್ಲಿಸಿ ಗಂಟನ್ನು ಪರೀಕ್ಷಿಸಿ ನೋಡಿದ. ಎಳೆಯ ಬಿಗಿ ಸಡಿಲ ಅವನಿಗೆ ಗೊತ್ತಾಗದೆ ಇರುತ್ತದೆಯೇ? ತಂಗಿಯ ಮುಖ ನೋಡಿ, ತಪ್ಪು ತಿದ್ದುವವನಂತೆ ಮೆಲ್ಲಗೆ, ಮರ್ಯಾದೆಯಿಂದ ಹೇಳಿದ:

"ಬಿಗೀ ಕಟ್ರಿ."

ಅವಳು ಬಿಗಿಯಾಗಿ ಕಟ್ಟಿದಳು. ಆಮೇಲೆ ಅವನು ಬಾಯಿ ತೆರೆದ.