ಸಡಿಲ ಸ್ಪ್ರಿಂಗಿನ ಹಾಡು

ಅಂಗಡಿಯ ದರ್ಜಿಗಳೆಲ್ಲ ಅವಳನ್ನು ಕರೆಯುತ್ತಿದ್ದುದು ಪ್ಲೇಟಕ್ಕ ಎಂದು. ಹಗಲೆಲ್ಲ ಕೋಟುಗಳಿಗೆ ಕಾಜ ಹೊಲಿದು, ಸಂಜೆ ಹೋಟೆಲುಗಳಲ್ಲಿ ಎರಡು ಮಹಾಯುದ್ಧಗಳ ನಡುವಿನ ಕಾಲದ ಗ್ರಾಮಫೋನ್ ಪ್ಲೇಟುಗಳ ಹಾಡುಗಳನ್ನು ಹಾಡುತ್ತಿದ್ದಳು. ಆ ಪ್ಲೇಟುಗಳಲ್ಲಿ ಹಾಡಿದ್ದವಳು ಅವಳ ಸ್ವಂತ ಅಜ್ಜಿ. ಜನ ಮರೆತೇಬಿಟ್ಟಿದ್ದ ಹಾಡುಗಳಿಗೆ ಮತ್ತೆ ಜೀವ ಬರಿಸಲು ಇಪ್ಪತ್ತು ವರ್ಷ ಗಂಟಲು ಸವೆಸಿದಳು.

ಅವಳ ಹಾಡಿಗೆ ಪಿಯಾನೋ ನುಡಿಸಲು ಬಂದವನು ಮಫ್ಲರ್. ಬೇಸಿಗೆಯಲ್ಲೂ ಕುತ್ತಿಗೆಗೆ ಅದನ್ನು ಸುತ್ತಿಕೊಳ್ಳುತ್ತಿದ್ದುದಕ್ಕೆ ಆ ಹೆಸರು. "ಅಕ್ಕಾ, ಅಕ್ಕಾ" ಎನ್ನುತ್ತಾ ಆರು ವರ್ಷ ಅವಳ ಕೈಯಡುಗೆ ತಿಂದ. ಆಮೇಲೆ ಉಂಡ ಮನೆಗೇ ಎರಡು ಬಗೆದ. ಅವಳ ಬಾಯಿಂದ ಕಲಿತ ಹಾಡುಗಳನ್ನೆಲ್ಲ ತಾನೇ ಹಾಡತೊಡಗಿ, ಯಾರೋ ಹಳೆಯ ಗುರು ಕಲಿಸಿದ್ದೆಂದು ಪತ್ರಿಕೆಗಳಿಗೆ ಹೇಳಿದ. "ಆ ಹೆಂಗಸಾ? ಯಾವಾಗ್ಲೋ ನಮ್ಮ ತಂಡದಲ್ಲಿದ್ಲು" ಅಂದನಂತೆ. ಹಾಳಾದವನು! ಅಜ್ಜಿಯ ಹೆಸರಂತೂ ಎತ್ತಲೇ ಇಲ್ಲ. ಆ ಹೆಸರನ್ನು ಅವನ ಬಾಯಿಂದಲೇ ಹೊರಡಿಸುತ್ತೇನೆಂದು ಪ್ಲೇಟಕ್ಕ ಹಲ್ಲು ಕಡಿದಳು.

ಅಷ್ಟರಲ್ಲಿ, ಅವಳು ಆ ಹಾಡುಗಳನ್ನು ಕೇಳಿ ಕಲಿತಿದ್ದ ಅಜ್ಜಿಯ ಗ್ರಾಮಫೋನು ನಿಂತುಹೋಯಿತು. ಗಡಿಯಾರ ರಿಪೇರಿಯವನು ಹೊಸ ಸ್ಪ್ರಿಂಗ್ ಹಾಕಿಕೊಟ್ಟ. ಅಲ್ಲೇ ಒಂದು ಪ್ಲೇಟು ಹಾಕಿ ನೋಡಿದಳು. ಕೊನೆಯ ಚರಣದಲ್ಲಿ ಶ್ರುತಿ ಮೆಲ್ಲಗೆ ಕೆಳಕ್ಕೆ ಜಾರಬೇಕಿತ್ತು. ಜಾರಲಿಲ್ಲ.

"ಹಳೇ ಸ್ಪ್ರಿಂಗು ಸಡಿಲ ಆಗಿತ್ತಮ್ಮಾ," ಎಂದ ರಿಪೇರಿಯವನು. "ಕೊನೆಗೆ ಬರೋ ಹೊತ್ತಿಗೆ ಪ್ಲೇಟು ನಿಧಾನ ತಿರುಗ್ತಿತ್ತು. ಶ್ರುತಿ ಇಳೀದೆ ಇನ್ನೇನಾಗುತ್ತೆ?"

ಅಯ್ಯೋ, ಇಪ್ಪತ್ತು ವರ್ಷ ಸ್ಪ್ರಿಂಗಿನ ತಪ್ಪನ್ನೇ ಹಾಡಿದ್ದಳು! ನಾಚಿಕೆಯಿಂದ ಭೂಮಿಗಿಳಿದು ಹೋದಳು. ಮರುಕ್ಷಣವೇ ಬಿದ್ದು ಬಿದ್ದು ನಕ್ಕಳು. ಮಫ್ಲರ್ ಕೂಡ ಹಾಗೇ ಜಾರಿಸಿ ಹಾಡುತ್ತಿದ್ದ. ಅದಕ್ಕೆ "ಆ ಕಾಲದ ಜಾರುಧಾಟಿ" ಎಂದು ಹೆಸರು ಬೇರೆ ಇಟ್ಟಿದ್ದ.

ಟೌನ್‌ಹಾಲಿನಲ್ಲಿ ಅವನ ಕಾರ್ಯಕ್ರಮ ತುಂಬಿ ತುಳುಕುತ್ತಿತ್ತು. ಹಾಡು ಮುಗಿಸಿ ಅವನು ಜಾರುಧಾಟಿಯ ಬಗ್ಗೆ ಕೊರೆಯುತ್ತಿದ್ದಾಗ ಪ್ಲೇಟಕ್ಕ ಗ್ರಾಮಫೋನು ಹೊತ್ತು ವೇದಿಕೆ ಹತ್ತಿದಳು. ಪೂರ್ತಿ ಕೀಲಿ ಕೊಟ್ಟು ಅದೇ ಹಾಡು ಹಾಕಿದಳು. ಮೂರು ನಿಮಿಷದ ಪ್ಲೇಟು ಪೂರ್ತಿ ತಿರುಗಿತು. ಅಜ್ಜಿಯ ಶ್ರುತಿ ಕೊನೆಯವರೆಗೂ ಒಂದೆಳೆಯೂ ಇಳಿಯಲಿಲ್ಲ.

"ಜಾರೋದು ನಮ್ಮನೆ ಗ್ರಾಮಫೋನಿನ ರೋಗ," ಎಂದಳು ಮೈಕಿನಲ್ಲಿ. "ಅದನ್ನೇ ಹಾಡು ಅಂತ ಕಲಿತ ದಡ್ಡಿ ನಾನು. ನಿನಗೆ ಅದನ್ನ ಕಲಿಸಿದ ಗುರು ಯಾರೋ, ಹೇಳು?"

"ಅಕ್ಕಾ, ಮನೆಗೆ ಬಂದು ಮಾತಾಡ್ತೀನಿ. ಇಲ್ಲಿ ಬೇಡ..."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಅವಳು ಪ್ಲೇಟು ತೆಗೆದು ಅವನ ಮುಖದ ಮುಂದೆ ಹಿಡಿದಳು. "ಇದರ ಮೇಲಿರೋ ಹೆಸರು ಓದು."

ಓದಿದ.

"ಕೇಳಿಸ್ಲಿಲ್ಲ. ಕೊನೇ ಸಾಲಿನವರಿಗೂ ಕೇಳ್ಬೇಕು."

ಕುತ್ತಿಗೆಯ ಮಫ್ಲರ್ ಸಡಿಲಿಸಿಕೊಂಡು, ಅವನು ಅಜ್ಜಿಯ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದ.