ಬಿಸಿಲಿಗೆ ಇಟ್ಟ ಪೆಟ್ಟಿಗೆ

ಪುಟ್ಟಿ, ಗುಂಡ,

ನಮ್ಮ ಮಾಳಿಗೆಯ ಮೇಲಿದ್ದ ಬೂದುಬಣ್ಣದ ಪೆಟ್ಟಿಗೆ ನಿಮಗೆ ನೆನಪಿರಬಹುದು. ಭಾನುವಾರ ಬಂದಾಗಲೆಲ್ಲ ನೀವು ಅದರ ಹತ್ತಿರ ಹೋಗುತ್ತಿದ್ದಿರಿ, ನಾನು ಕೆಳಗಿನಿಂದ ಕೂಗುತ್ತಿದ್ದೆ. ಅದು ಏನು, ಯಾಕೆ ಬಂತು ಎಂದು ನಿಮಗೆ ಯಾರೂ ಹೇಳಿಲ್ಲ. ನನಗೆ ಎದುರು ಕೂತು ಹೇಳಲು ಬರುವುದಿಲ್ಲ. ಕುರುಗೋಡಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ತಲೆ ತಗ್ಗಿಸುತ್ತಿದ್ದೆ. ಬರೆಯುವುದಾದರೆ ಸ್ವಲ್ಪ ಬರುತ್ತದೆ.

ನಿಮ್ಮ ತಾತ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದರು. ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ನಾವು ಬಳ್ಳಾರಿಗೆ ಬಂದೆವು. ನಿಮ್ಮ ಅವ್ವ ಕಂಟೋನ್ಮೆಂಟಿನಲ್ಲಿ, ನಾವು ಸತ್ಯನಾರಾಯಣಪೇಟೆಯಲ್ಲಿ. ಸುತ್ತ ಎತ್ತರದ ಕಟ್ಟಡ ಇಲ್ಲದ, ಇಡೀ ದಿನ ನೆರಳು ಬೀಳದ ಮಾಳಿಗೆ ಬೇಕೆಂದು ಹುಡುಕಿಕೊಂಡು ಒಂದು ದೊಡ್ಡ ಕಂಪನಿಯವರು ನಮ್ಮ ಮನೆಗೆ ಬಂದರು. ಫೋನು, ಕಂಪ್ಯೂಟರು ಮಾಡುವ ಕಂಪನಿ. ಅದರಲ್ಲಿ ಸಂಶೋಧನೆಯದೇ ಒಂದು ವಿಭಾಗ ಇದೆಯಂತೆ. ಬಂದವಳು ಒಬ್ಬ ಹುಡುಗಿ, ಬೆಂಗಳೂರಿನ ಕಡೆಯ ಮಾತು. ಜೊತೆಗೆ ಪೆಟ್ಟಿಗೆ ಹೊತ್ತ ಇಬ್ಬರು.

ಕಾಲುವೆ ದಂಡೆಯಲ್ಲಿ, ಹೊಲದ ಕಂಬದ ಮೇಲೆ, ಫ್ಯಾನೂ ನೆರಳೂ ಇಲ್ಲದೆ ವರ್ಷಗಟ್ಟಲೆ ಕೆಲಸ ಮಾಡುವ ಸಣ್ಣ ಕಂಪ್ಯೂಟರ್ ಅವರಿಗೆ ಬೇಕಿತ್ತು. ಅಂಥದ್ದು ಆ ಪೆಟ್ಟಿಗೆಯೊಳಗೆ ಇತ್ತು, ಅಂಗೈ ಅಗಲದ್ದು.

"ಹಗಲು ಕಾಯುತ್ತೆ, ಹಿಗ್ಗುತ್ತೆ. ರಾತ್ರಿ ತಣ್ಣಗಾಗುತ್ತೆ, ಕುಗ್ಗುತ್ತೆ. ಹಾಗೇ ಆಗ್ತಾ ಆಗ್ತಾ ಒಳಗಿನ ಬೆಸುಗೆ ಒಂದು ದಿನ ಬಿರುಕು ಬಿಡುತ್ತೆ ಅಂಕಲ್. ಯಾವಾಗ ಅಂತ ನೋಡೋದೇ ನಮ್ಮ ಕೆಲಸ" ಎಂದಳು.

"ಅಂದ್ರ ಇದು ಸಾಯೋತನಕ ಇಲ್ಲೇ ಇರ್ತತಿ ಅನ್ನು."

"ಹೌದು ಅಂಕಲ್. ಬಳ್ಳಾರಿ ಬಿಸಿಲು ಅದಕ್ಕೇ ಬೇಕಿತ್ತು."

"ಅದಕ್ಕೇನು, ಬೇಕಾದಷ್ಟು ಐತಿ, ಚೀಲ ತುಂಬ್ಕೊಂಡು ಹೋಗ್ರಿ" ಎಂದರು ನಿಮ್ಮ ತಾತ. ಹುಡುಗಿ ನಕ್ಕಳು.

ಮುಟ್ಟಬಾರದು, ತೊಳೆಯಬಾರದು, ನೆರಳು ಮಾಡಬಾರದು. ಇಷ್ಟು ಹೇಳಿ ಹೋದಳು. ಪೆಟ್ಟಿಗೆ ತನ್ನ ಬಿಸಿಯನ್ನು ತಾನೇ ಅಳೆದು ಸಿಮ್ ಮೂಲಕ ಬೆಂಗಳೂರಿಗೆ ಕಳಿಸುತ್ತಿತ್ತು. ನಮಗೆ ಮಾಡುವುದು ಏನೂ ಇರಲಿಲ್ಲ.

ಏನೂ ಮಾಡದೆ ಇರುವುದು ನಿಮ್ಮ ತಾತನಿಗೆ ಆಗಲಿಲ್ಲ. ಗಿರಣಿಯಲ್ಲಿ ಬೇಸಿಗೆಯಲ್ಲಿ ಮೋಟಾರು ಕಾಯ್ದರೆ ಅದರ ಮೈಮೇಲೆ ಒದ್ದೆ ಗೋಣಿಚೀಲ ಹೊದಿಸುವುದು ಅವರಿಗೆ ರೂಢಿ. ಚೈತ್ರ ಹುಟ್ಟಿ ಬಿಸಿಲು ಏರಿದ್ದೇ ತಡ, ಮಧ್ಯಾಹ್ನ ಊಟ ಮಾಡಿ ಕೈ ತೊಳೆದವರು ಬಕೆಟ್ಟು ಹಿಡಿದು ಮೇಲೆ ಹೋಗತೊಡಗಿದರು. ಚೀಲ ತೋಯಿಸಿ ಪೆಟ್ಟಿಗೆಗೆ ಹೊದಿಸಿ, ಸಂಜೆ ತೆಗೆದು ಮಡಚಿ ಇಡುತ್ತಿದ್ದರು.

"ರೀ, ಆ ಹುಡುಗಿ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗ್ಯಾಳ" ಅಂದೆ.

"ನಾನೆಲ್ಲಿ ಮುಟ್ಟೀನಿ? ಚೀಲ ಮುಟ್ಟೈತಿ."

"ನೆರಳೂ ಮಾಡಬಾರ್ದಂತ್ರಿ."

"ಮೂಕ ಜೀವ ಅದು. ಒಳಗ ಬೇಯಾಕತ್ತೈತಿ. ನೀ ಸುಮ್ನಿರು, ಆಕಿ ಬಂದಾಗ ತಗದ್ರಾತು."

ಅವರು ಇಳಿದು ಬರುವಾಗ ಅಂಗಿಯ ತೋಳಿಗೆ ಅದಿರಿನ ಕೆಂಪು ಧೂಳು ಹತ್ತಿರುತ್ತಿತ್ತು. ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರಿಗೆ ಎದೆ ಹಿಡಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ಜೀವಂತ ಮನೆಗೆ ಬರಲಿಲ್ಲ. ಆ ದಿನಗಳ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಜನ ಬಂದರು, ಅಡುಗೆ ಆಯಿತು, ಕಾರ್ಯಗಳು ಮುಗಿದವು. ನಿಮ್ಮ ಅವ್ವ ಅತ್ತಳು. ನಾನು ಬಾಡಿಗೆಗೆ ತಂದ ಪಾತ್ರೆಗಳನ್ನು ಎಣಿಸಿ ಅಂಗಡಿಗೆ ವಾಪಸು ಕಳಿಸಿದೆ. ಮಾಳಿಗೆಯ ಮೇಲಿದ್ದ ಚೀಲ ಒಣಗಿ ಹಪ್ಪಳದ ಹಾಗೆ ಆಗಿತ್ತು. ಕೆಳಗೆ ತಂದು ಕೊಡವಿ ಅದರಲ್ಲಿ ಉಳ್ಳಾಗಡ್ಡಿ ಹಾಕಿಟ್ಟೆ.

ಮಳೆಗಾಲದ ಮೊದಲು ಆ ಹುಡುಗಿ ಬಂದಳು. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ.

"ಅಂಕಲ್ ಎಲ್ಲಿ ಅಮ್ಮ? ಅವರಿಗೆ ಒಂದು ಖುಷಿ ಸುದ್ದಿ ತಂದಿದೀನಿ."

"ತೀರ್ಕೊಂಡ್ರವ್ವ."

ಅವಳು ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ನಾನೇ ಇಸಿದುಕೊಂಡು ಒಳಗಿಟ್ಟು, ಕೂಡು ಅಂದೆ. ಬೇರೆ ಯಾರದೋ ಸುದ್ದಿ ಹೇಳಿದ ಹಾಗಿತ್ತು ನನ್ನ ದನಿ. "ಏನವ್ವ ಅದು ಖುಷಿ ಸುದ್ದಿ?" ಎಂದು ಕೇಳಿದೆ. ಕೇಳದೆ ಇದ್ದರೆ ಅವಳು ಹಾಗೇ ಕೂತಿರುತ್ತಿದ್ದಳು.

ಅವಳು ಲ್ಯಾಪ್‌ಟಾಪ್ ತೆರೆದಳು. ಬೇರೆ ಬೇರೆ ಊರಿನ ಮಾಳಿಗೆಗಳ ಪೆಟ್ಟಿಗೆ ಎಷ್ಟು ಕಾಯ್ದವು ಎಂದು ತೋರಿಸುವ ಗೆರೆಗಳು. ಎಲ್ಲವೂ ಬೆಳಿಗ್ಗೆಯಿಂದ ಗುಡ್ಡದ ಹಾಗೆ ಏರಿ ಸಂಜೆ ಇಳಿಯುತ್ತಿದ್ದವು. ನಮ್ಮದು ಮಾತ್ರ ನಡು ಮಧ್ಯಾಹ್ನ ಕುಸಿದು ಹಳ್ಳ ಮಾಡಿಕೊಂಡಿತ್ತು.

"ನಿಮ್ಮ ಮನೆ ಪೆಟ್ಟಿಗೆಗೆ ಮಾತ್ರ ನಾನೇ ತಯಾರು ಮಾಡಿದ ಒಂದು ಲೇಪ ಹಚ್ಚಿದ್ದೆ ಅಮ್ಮ, ಶಾಖ ತಡೆಯೋದಕ್ಕೆ. ಬಣ್ಣ ಹಚ್ಚಿದ್ರೆ ಕಂಪ್ಯೂಟರ್ ಉಳಿಯುತ್ತಾ ಅಂತ ನಮ್ಮ ಮೇಲಿನವರು ನಕ್ಕಿದ್ರು. ನೋಡಿ ಈಗ! ಮುಂದಿನ ವಾರ ಎಲ್ಲರ ಮುಂದೆ ಇದನ್ನ ಇಡ್ತೀನಿ. ಒಪ್ಪಿದ್ರೆ ಎಲ್ಲಾ ಪೆಟ್ಟಿಗೆಗೂ ನನ್ನ ಲೇಪಾನೇ." ಆಮೇಲೆ ಗೆರೆಯ ಕೊನೆಯನ್ನು ಬೆರಳಿನಿಂದ ತೋರಿಸಿದಳು. "ಇಲ್ಲಿಂದಾಚೆ ಮಾತ್ರ ಹಳ್ಳ ಇಲ್ಲ. ಲೇಪ ಎದ್ದು ಹೋಗಿರ್ಬೇಕು. ಅದನ್ನೇ ನೋಡೋಕೆ ಬಂದೆ. ಇನ್ನೊಂದು ಅರ್ಥ ಆಗಲ್ಲ, ದಿನಾ ಊಟದ ಹೊತ್ತಿಗೇ ಯಾಕೆ ಇಳಿಯುತ್ತೆ ಅಂತ."

ನಾನು ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಹೇಳಿದರೆ ಅವಳ ಲೇಪ ಹೋಯಿತು, ಮೇಲಿನವರು ಇನ್ನೊಮ್ಮೆ ನಗುತ್ತಾರೆ. ಕೆಲಸ ಕೆಡಿಸಿದವರು ಎಂಬ ಮಾತು ನಿಮ್ಮ ತಾತನ ಮೇಲೆ ಬರುತ್ತದೆ. ಹೇಳದಿದ್ದರೆ ಅವಳು ಆ ಲೇಪ ನಂಬಿ ಊರೂರಿಗೆ ಪೆಟ್ಟಿಗೆ ಕಳಿಸುತ್ತಾಳೆ, ಅವು ಬಿಸಿಲಿಗೆ ಕೆಟ್ಟು ಹೋಗುತ್ತವೆ, ಆಗ ಎಲ್ಲರೂ ಅವಳನ್ನೇ ಕೇಳುತ್ತಾರೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಒರೆಸಿ, ಮತ್ತೆ ಹಾಲು ಹಾಕಿದೆ.

ಲೋಟ ಅವಳ ಮುಂದಿಟ್ಟು ನಿಂತುಕೊಂಡೇ ಹೇಳಿದೆ. "ಅದು ನಿನ್ನ ಲೇಪ ಅಲ್ಲವ್ವ. ನಮ್ಮ ಮನಿಯವ್ರು ಊಟ ಆದಮ್ಯಾಲ ಒದ್ದಿ ಚೀಲ ಹೊದಿಸ್ತಿದ್ರು."

"ಏನು?"

"ಗೋಣಿಚೀಲ. ಕಾಯ್ತತಿ ಅಂತ."

"ದಿನಾನಾ?"

"ಬಿಸಿಲು ಭಾಳ ಇದ್ದಾಗ."

ಅವಳು ಲೋಟ ಮುಟ್ಟಲಿಲ್ಲ. ಬೈಯುತ್ತಾಳೆ ಎಂದುಕೊಂಡೆ. ಅವಳು ಮಾತ್ರ ಗೆರೆಯನ್ನು ದೊಡ್ಡದು ಮಾಡಿ, ಒಂದೊಂದು ದಿನವನ್ನೂ ನನಗೆ ತೋರಿಸತೊಡಗಿದಳು. ಯಾವ ದಿನ ಹೊದಿಸಿದ್ದು, ಯಾವ ದಿನ ಇಲ್ಲ ಎಂದು ಅವಳಿಗೆ ಖಾತ್ರಿ ಬೇಕಿತ್ತು.

"ಈ ಎರಡು ದಿನ ಹಳ್ಳ ಇಲ್ಲ."

"ಸಿರುಗುಪ್ಪಕ್ಕ ಹೋಗಿದ್ವಿ, ನನ್ನ ನಾದಿನಿ ಮನಿ ಗೃಹಪ್ರವೇಶಕ್ಕ."

"ಇಲ್ಲಿ?"

"ಅವತ್ತು ಕುರುಗೋಡಿಗೆ, ನನ್ನ ತಮ್ಮನ ಮನೀಗೆ."

"ಇಲ್ಲಿಂದ ಪೂರ್ತಿ ಇಲ್ಲ."

"ಅವತ್ತು ದವಾಖಾನಿಗೆ ಹೋಗಿದ್ದು."

ಅವಳು ಬೆರಳನ್ನು ತೆಗೆದಳು. ನಾನು ಶಾಲೆಯಲ್ಲಿ ಹಾಜರಿ ಹೇಳಿದಂತೆ ಉತ್ತರ ಕೊಟ್ಟಿದ್ದೆ. ಅಳು ಬರಬೇಕಿತ್ತೇನೋ, ಬರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುತ್ತಿರುವುದನ್ನು ನೋಡುತ್ತಿದ್ದೆ.

"ಈ ದಿನಗಳನ್ನೆಲ್ಲ ಲೆಕ್ಕದಿಂದ ತೆಗೀಬೇಕು ಅಮ್ಮ" ಎಂದಳು. ಕಾಯ್ದದ್ದು ಒಮ್ಮೆಲೇ ತಣ್ಣಗಾದರೆ ಬೆಸುಗೆಗೆ ಇನ್ನೂ ಹೆಚ್ಚಿನ ಪೆಟ್ಟು ಎಂದೂ ಹೇಳಿದಳು. ಅದನ್ನೂ ಕೇಳಿಸಿಕೊಂಡೆ.

"ಅವರ ತಪ್ಪು ಅಂತ ಬರೀತಿಯೇನವ್ವ?"

"ಹೆಸರು ಬರೆಯೋದಿಲ್ಲ. ಮನೆಯವರು ಮುಚ್ಚಿದ್ದರಿಂದ ಅಳತೆ ಕೆಟ್ಟಿದೆ ಅಂತ ಒಂದು ಸಾಲು ಬರೀಬೇಕಾಗುತ್ತೆ." ಲ್ಯಾಪ್‌ಟಾಪ್ ಮುಚ್ಚಿ, "ನೀವು ಹೇಳಿದ್ದು ಒಳ್ಳೇದಾಯ್ತು. ಅವರೆಲ್ಲರ ಮುಂದೆ ನಿಂತ ಮೇಲೆ ಗೊತ್ತಾಗಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ಒರೆಸಿಕೊಂಡಳು. ಅದು ಲೇಪಕ್ಕೋ, ನಿಮ್ಮ ತಾತನಿಗೋ, ನಾನು ಕೇಳಲಿಲ್ಲ.

ಕಂಪನಿಯವರು ಬಂದು ಹಳೆಯ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದರು. ಅದೇ ಲೇಪ ಹಚ್ಚಿದ ಇನ್ನೊಂದು ಪೆಟ್ಟಿಗೆಯನ್ನು ಅದೇ ಜಾಗದಲ್ಲಿ ಇಡಬಹುದೇ ಎಂದು ಅವಳು ಫೋನಿನಲ್ಲಿ ಅಂಜುತ್ತ ಕೇಳಿದಳು. ಮೇಲಿನವರು ಇನ್ನೊಂದು ಬೇಸಿಗೆ ಕೊಟ್ಟಿದ್ದರಂತೆ. ಕೊನೆಯದು.

"ಇಡವ್ವ. ಈ ಸಲ ಮುಚ್ಚವ್ರು ಯಾರೂ ಇಲ್ಲ" ಅಂದೆ.

ಆ ಬೇಸಿಗೆಯೂ ಮುಗಿಯಿತು. ಮಧ್ಯಾಹ್ನ ಬಟ್ಟೆ ತೆಗೆಯಲು ಮೇಲೆ ಹೋದಾಗ ಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದೆ. ಅಂಗಾಲು ಸುಡುತ್ತಿತ್ತು. ಬಟ್ಟೆ ತೆಗೆದುಕೊಂಡು ಇಳಿದು ಬರುತ್ತಿದ್ದೆ, ಅಷ್ಟೇ.

ಕಳೆದ ವಾರ ಅವಳ ಫೋನ್ ಬಂತು.

"ಅಮ್ಮ, ಲೇಪ ಕೆಲಸ ಮಾಡಿದೆ! ಸ್ವಲ್ಪನೇ, ಆದ್ರೆ ಮಾಡಿದೆ. ಮೇಲಿನವರು ಒಪ್ಪಿದ್ರು."

"ಚಲೋ ಆತವ್ವ."

"ಅಂಕಲ್ ಮಾಡಿದಷ್ಟು ಮಾಡಿಲ್ಲ ಬಿಡಿ" ಎಂದು ನಕ್ಕಳು. ನಾನೂ ನಕ್ಕೆ ಎಂದು ಕಾಣುತ್ತದೆ. ಅವಳು ಫೋನ್ ಇಟ್ಟ ಮೇಲೂ ಬಹಳ ಹೊತ್ತು ಅದನ್ನು ಕೈಯಲ್ಲೇ ಹಿಡಿದಿದ್ದೆ.

ಮಕ್ಕಳೇ, ಕಂಪನಿಯ ಲೆಕ್ಕದಲ್ಲಿ ನಿಮ್ಮ ತಾತನ ಆ ಮಧ್ಯಾಹ್ನಗಳು ಈಗ ಇಲ್ಲ. ತೆಗೆದದ್ದು ಸರಿಯೇ, ಆ ಹುಡುಗಿ ತನ್ನ ಕೆಲಸ ಮಾಡಿದಳು. ಆದರೆ ಅವರು ಊಟ ಮಾಡಿ ಕೈ ತೊಳೆದು, ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ಹೋಗುತ್ತಿದ್ದದ್ದು ಎಲ್ಲಾದರೂ ಇರಲಿ ಎಂದು ಬರೆದಿದ್ದೇನೆ. ಈ ಹಾಳೆಗಳನ್ನು ನಿಮ್ಮ ಅವ್ವನ ಬೀರುವಿನಲ್ಲಿ, ಸೀರೆಗಳ ಕೆಳಗೆ, ಗೆದ್ದಲು ಹತ್ತದ ಕಡೆ ಇಡಿರಿ. ಈಗಲೇ ಓದಬೇಕೆಂದಿಲ್ಲ. ಕಳೆಯದೆ ಇಟ್ಟರೆ ಸಾಕು.